ಕಾರೆಮುಳ್ಳಿನ ಗುಡಿ: ಕುದಾಪುರ ಸೀಮೆಯ ಗ್ರಾಮಾದರ್ಶ

ಕನ್ನಡ ಕಾವ್ಯ ಕಂಡ ಚೆಲುವಿನ ನಾಡಿನಲ್ಲಿ ನೀರಿಗೆ ಬರವಿಲ್ಲ. ಪಂಪನ ಬನವಾಸಿಯಿಂದ ಕುವೆಂಪು ಅವರ ಮಲೆನಾಡಿನವರೆಗೆ ಸೊಬಗೆಂದರೆ ಹಸಿರು. ಆದರೆ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಅರ್ಪಿತವಾದದ್ದು ಬಯಲುಸೀಮೆಯ ಮಗನಿಗೆ: ಅವರ ಗುರು ಟಿ. ಎಸ್. ವೆಂಕಣ್ಣಯ್ಯ ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ತಳುಕು, ನಾಯಕನಹಟ್ಟಿ, ಕುದಾಪುರಗಳ ಈ ಒಣನೆಲಕ್ಕೂ ತನ್ನದೇ ಗ್ರಾಮಾದರ್ಶವಿದೆ, ಅಂದರೆ ಹಳ್ಳಿಯ ಬದುಕನ್ನು ಚೆಲುವಾಗಿ ಕಾಣುವ ತನ್ನದೇ ಕಣ್ಣಿದೆ. ಅದು ಇಲ್ಲಿನ ಪಶುಪಾಲಕ ಸಮುದಾಯಗಳಾದ ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಾಡು, ಆಚರಣೆಗಳಲ್ಲಿದೆ ಎಂಬುದು ಇಲ್ಲಿನ ವಾದ.

ಈ ಹಾಡುಗಳ ವೀರರು ದನಗಾಹಿಗಳು. ಮ್ಯಾಸಬೇಡರ ಗಾದ್ರಿಪಾಲನಾಯಕನಾಗಲಿ, ಗಣೆ ಎಂಬ ಕೊಳಲು ನುಡಿಸುವ ಕಾಡುಗೊಲ್ಲರ ಜುಂಜಪ್ಪನಾಗಲಿ ನಿಂತು ನಿಸರ್ಗವನ್ನು ನೋಡುವವರಲ್ಲ. ಹುಲ್ಲು ನೀರು ಅರಸಿ ಮಂದೆಯ ಹಿಂದೆ ನಡೆಯುವವರು. ಇವರಿಗೆ ನೆಲ ನೋಟವಲ್ಲ, ಹೊಣೆ. ಮ್ಯಾಸಬೇಡರ ದೇವರ ಎತ್ತುಗಳಿಗೆ ಇಂದಿಗೂ ನೊಗ ಹೂಡುವುದಿಲ್ಲ. ಅವುಗಳನ್ನು ಕಾಯಲು ಕಿಲಾರಿಗಳಿದ್ದಾರೆ.

ಈ ಆದರ್ಶ ಕಣ್ಣಿಗೆ ಕಟ್ಟುವುದು ಕಾಡುಗೊಲ್ಲರ ಕ್ಯಾತಪ್ಪನ ಪರಿಷೆಯಲ್ಲಿ. ಇಲ್ಲಿ ದೇವರಿಗೆ ಕಲ್ಲಿನ ಗುಡಿಯಿಲ್ಲ. ಕಾರೆಮುಳ್ಳು, ಬಂದರೆ ಗಿಡಗಳನ್ನು ಕಡಿದು ತಂದು ಒಟ್ಟಿ ಗುಡಿ ಕಟ್ಟುತ್ತಾರೆ. ಬರಿಗಾಲಲ್ಲಿ ಆ ಮುಳ್ಳನ್ನೇರಿ ಕಳಶ ಕೀಳುತ್ತಾರೆ. ಮಂದೆಯ ರೊಪ್ಪಕ್ಕೆ ಬೇಲಿಯಾಗುವ ಮುಳ್ಳೇ ದೇವರಿಗೂ ಗೋಡೆ. ಹಸಿರಿನ ಕಾವ್ಯ ಪಕ್ಕಕ್ಕೆ ಸರಿಸುವ ವಸ್ತು ಇಲ್ಲಿ ಗರ್ಭಗುಡಿ.

ಮುಳ್ಳಿನಲ್ಲಿ ಗುಡಿ ಕಾಣುವ ಈ ಕಣ್ಣಿಲ್ಲದೆ ನೋಡಿದರೆ ದನ ಮೇಯುವ ಕಾವಲು ಬರಡಾಗಿ ಕಾಣುತ್ತದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ಈ ಶತಮಾನದ ಮೊದಲ ದಶಕದ ಕೊನೆಯಿಂದ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಸಂದಿತು. ಕುರಿಗಾಹಿಗೆ ಆ ಕಾವಲು ಮೇವು, ಹಾದಿ; ಕೃಷ್ಣಮೃಗಕ್ಕೆ ನೆಲೆ. ಹಸಿರನ್ನಷ್ಟೇ ಚೆಲುವೆಂದು ಕಲಿತ ಕಣ್ಣಿಗೆ ಅದು ಖಾಲಿ ಜಾಗ. ಜಮೀನು ಕೈಬದಲಾಗಲು ಕಾವ್ಯ ಕಾರಣವಲ್ಲ, ನಿಜ. ಆದರೆ ಇಲ್ಲಿ ಕಳೆದದ್ದೇನೆಂದು ಹೇಳಲು ಬೇಕಾದ ಮಾತು ನಮ್ಮ ಶಿಷ್ಟಕಾವ್ಯದಲ್ಲಿ ಕಡಿಮೆ.

ಹಾಗೆಂದು ಕಾಡುಗೊಲ್ಲರ ಹಟ್ಟಿಯ ಬದುಕನ್ನು ಹೊನ್ನಾಗಿಸಿ ಬರೆಯಲಾಗದು. ಮಂದೆಯನ್ನು ಒಳಗಿಟ್ಟು ಕಾದ ಅದೇ ಕಟ್ಟಳೆ ಮುಟ್ಟಾದ ಹೆಣ್ಣನ್ನೂ ಬಾಣಂತಿಯನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿರಿಸಿತು. ಆದರೆ ಆ ಹಟ್ಟಿಯ ಸಾವಿರಾರು ಪದಗಳನ್ನು ನೆನಪಿನಲ್ಲಿ ಕಾದು, ಕೃಷ್ಣಮೂರ್ತಿ ಹನೂರರಂಥ ಸಂಗ್ರಹಕಾರರಿಗೆ ಹಾಡಿಕೊಟ್ಟವಳು ಒಬ್ಬ ಹೆಣ್ಣು, ಚಳ್ಳಕೆರೆ ಸೀಮೆಯ ಸಿರಿಯಜ್ಜಿ. ಈ ಆದರ್ಶದ ಅಧ್ಯಯನ ಮುಳ್ಳಿನ ಬೇಲಿಯ ಎರಡೂ ಬದಿಯಲ್ಲಿ ನಿಂತು ಆಗಬೇಕಾದದ್ದು.