ಕೈ ಕೊಡದ ಪಿಸ್ತೂಲು

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ ಎಂದರೆ ಹೊರಗಿನವರು ನಂಬುವುದಿಲ್ಲ. ರಾಜಘಾಟ್ ಇರುವುದು ದೆಹಲಿಯಲ್ಲಲ್ಲವೇ, ಈ ಬಿಸಿಲುಸೀಮೆಯ ಊರಿಗೂ ಆ ಬೂದಿಗೂ ಎಲ್ಲಿಯ ಸಂಬಂಧ ಎನ್ನುತ್ತಾರೆ. ಸಂಬಂಧ ಇದೆ. ನಮ್ಮ ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದ 1948ರಲ್ಲಿ ಇಲ್ಲಿನ ಸ್ವಾತಂತ್ರ್ಯ ಹೋರಾಟಗಾರರು ಆ ಭಸ್ಮದ ಒಂದು ಪಾಲನ್ನು ತಂದು ಊರೊಳಗೇ ಇರಿಸಿದರು. ಅದಕ್ಕೂ ಹದಿನಾಲ್ಕು ವರ್ಷ ಮೊದಲು, 1934ರ ಹರಿಜನ ಪ್ರವಾಸದಲ್ಲಿ, ಗಾಂಧೀಜಿ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿಯ ದಾರಿ ಹಿಡಿದೇ ಸಂಡೂರಿನ ಕಡೆ ಹೋಗಿದ್ದರು. ಈಗ ನಾವು ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ದಾರಿಯೇ ಅದು.

ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂದು ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ನಾನು ಇತಿಹಾಸ ಹೇಳಿದ್ದೇನೆ. ಪಠ್ಯಪುಸ್ತಕದಲ್ಲಿ ಆ ಸಾವಿಗೆ ಸಿಗುವುದು ಒಂದೇ ವಾಕ್ಯ: 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಆದರೆ ಹಿಂದಿನ ಬೆಂಚಿನ ಹುಡುಗರಿಗೆ ಅಷ್ಟು ಸಾಲದು. "ಯಾವ ಪಿಸ್ತೂಲು ಟೀಚರ್? ಎಲ್ಲಿ ತಗಂಡ್ರು?" ಎಂದು ಕೇಳುತ್ತಾರೆ. ಅದೆಲ್ಲ ಪರೀಕ್ಷೆಗೆ ಬರೋದಿಲ್ಲ ಸುಮ್ನಿರೋ ಎಂದು ಗದರಿಸಬಹುದು. ನನಗೇಕೋ ಆ ಪ್ರಶ್ನೆ ಪೋಲಿ ಪ್ರಶ್ನೆ ಅನ್ನಿಸಲಿಲ್ಲ. ಕೆಂಪುಕೋಟೆಯ ವಿಚಾರಣೆಯ ತೀರ್ಪು, 1969ರ ಕಪೂರ್ ಆಯೋಗದ ವರದಿ ಇವೆರಡನ್ನೂ ಬಿಡುವಿದ್ದಾಗ ಓದುತ್ತ ಹೋದೆ. ಅಲ್ಲಿ ನನಗೆ ಸಿಕ್ಕಿದ್ದು ಒಂದು ವಿಚಿತ್ರವಾದ ವ್ಯಾಪಾರದ ಕಥೆ. ನಾವು ಸಂತೆಯಲ್ಲಿ ಬದನೆಕಾಯಿಯನ್ನು ತಿರುವಿ ಮುರುವಿ ನೋಡುವ ಹಾಗೆ ಆ ಜನ ಆಯುಧಗಳನ್ನು ನೋಡಿದ್ದರು. ಒಂದು ಬೇಡ, ಎರಡು ಬೇಡ, ಕೊನೆಗೆ ಒಂದು ಕೈ ಕೊಡದ ಪಿಸ್ತೂಲು.

ಜನವರಿ 20ರಿಂದ ಶುರು ಮಾಡುತ್ತೇನೆ. ಅವತ್ತು ಅವರ ಬಳಿ ಎರಡು ರಿವಾಲ್ವರುಗಳಿದ್ದವು. ಒಂದು ನಾಥೂರಾಮನ ತಮ್ಮ ಗೋಪಾಲ ಗೋಡ್ಸೆಯದು, ಇನ್ನೊಂದು ಪುಣೆಯಲ್ಲಿ ಶಸ್ತ್ರ ಭಂಡಾರವೆಂಬ ಅಂಗಡಿ ಇಟ್ಟಿದ್ದ ದಿಗಂಬರ ಬಡಗೆಯದು. ಮುಂದೆ ಮಾಫಿ ಸಾಕ್ಷಿಯಾದ ಈ ಬಡಗೆಯೇ ನ್ಯಾಯಾಲಯದಲ್ಲಿ ಎಲ್ಲ ಹೇಳಿದವನು. ಬೆಳಿಗ್ಗೆ ಆಪ್ಟೆ, ಗೋಪಾಲ, ಬಡಗೆ, ಅವನ ಆಳು ಶಂಕರ ಕಿಸ್ತಯ್ಯ ನಾಲ್ವರೂ ದೆಹಲಿಯ ಹಿಂದೂ ಮಹಾಸಭಾ ಭವನದ ಹಿಂದಿನ ಕಾಡಿಗೆ ಹೋಗಿ ಪರೀಕ್ಷೆ ಮಾಡಿದರು. ಗೋಪಾಲನ ರಿವಾಲ್ವರಿನಲ್ಲಿ ಕಾಡತೂಸು ತುಂಬುವ ಉರುಳೆಯೇ ಸಿಕ್ಕಿಹಾಕಿಕೊಂಡು ಹೊರಗೆ ಬರಲಿಲ್ಲ. ಬಡಗೆಯದರಲ್ಲಿ ಮರಕ್ಕೆ ಗುರಿಯಿಟ್ಟು ಹೊಡೆಸಿದರೆ ಗುಂಡು ಮರದವರೆಗೂ ಹೋಗಲಿಲ್ಲ. ಎಣ್ಣೆ ತರಿಸಿದರು, ಚಾಕು ತರಿಸಿದರು. ಮರೀನಾ ಹೋಟೆಲಿನ ಕೋಣೆಯಲ್ಲಿ ಕುಳಿತು ಗೋಪಾಲ ತನ್ನದನ್ನು ರಿಪೇರಿ ಮಾಡಿದ. ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ ಕೆಟ್ಟಾಗ ಮಾಡುವ ರಿಪೇರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಸಂಜೆ ಬಿರ್ಲಾ ಭವನದಲ್ಲಿ ಪ್ರಾರ್ಥನೆ. ವೇದಿಕೆಯ ಹಿಂದೆ ಆಳುಗಳ ಕೋಣೆಯಿತ್ತು. ಅದರ ಜಾಲರಿಯೊಳಗಿಂದ ಬಡಗೆ ಹೊಡೆಯಬೇಕು ಎಂದು ಗೊತ್ತಾಗಿತ್ತು. ಬಾಗಿಲ ಬಳಿ ಒಕ್ಕಣ್ಣಿನ ಮನುಷ್ಯನೊಬ್ಬ ಕೂತಿದ್ದನ್ನು ಕಂಡು ಬಡಗೆಯ ಜೀವ ಹಾರಿಹೋಯಿತಂತೆ. ಒಳಗೆ ಹೋದರೆ ಸಿಕ್ಕಿಬೀಳುತ್ತೇನೆ, ಎದುರಿನಿಂದಲೇ ಹೊಡೆಯುತ್ತೇನೆ ಎಂದು ಹೇಳಿ, ಎರಡೂ ರಿವಾಲ್ವರುಗಳನ್ನು ಟವೆಲಿನಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ಇಟ್ಟುಬಿಟ್ಟ. ಅಂದರೆ ಎಣ್ಣೆ ಹಾಕಿ ಸರಿ ಮಾಡಿದ ಆಯುಧ ಹೊರಗೇ ಬರಲಿಲ್ಲ. ಮದನಲಾಲ್ ಪಹವಾ ಸಿಡಿಸಿದ ಸ್ಫೋಟಕಕ್ಕೆ ಗೋಡೆಯಷ್ಟೇ ಒಡೆಯಿತು. ಗಾಂಧೀಜಿ ಕೂತಲ್ಲಿಂದ ಏಳಲಿಲ್ಲ.

ಮದನಲಾಲನನ್ನು ಹಿಡಿದುಕೊಟ್ಟದ್ದು ಒಬ್ಬ ಹೆಣ್ಣುಮಗಳು ಎಂಬುದು ನಮ್ಮ ಪಠ್ಯದಲ್ಲಿಲ್ಲ. ಸುಲೋಚನಾದೇವಿ ಅಂತ. ಅಲ್ಲೇ ಹತ್ತಿರದ ಮನೆಯಾಕೆ, ಆಡಲು ಹೋದ ಮಗನನ್ನು ಕರೆದೊಯ್ಯಲು ಬಂದಿದ್ದಳು. ಅವನು ಬತ್ತಿಗೆ ಬೆಂಕಿ ಇಟ್ಟದ್ದನ್ನು ಕಣ್ಣಾರೆ ನೋಡಿ, ಅವನೇ ಎಂದು ಕೈ ತೋರಿಸಿದಳು. ಸಂಜೆ ಹೊತ್ತು ಮಗನನ್ನು ಹುಡುಕಿಕೊಂಡು ಬೀದಿಗೆ ಬಾರದ ತಾಯಿ ಯಾವ ಊರಲ್ಲಿದ್ದಾಳೆ ಹೇಳಿ? ಆ ಹುಡುಕಾಟದಿಂದಲೇ ಸಂಚಿನ ಮೊದಲ ಎಳೆ ಪೊಲೀಸರ ಕೈಗೆ ಬಂತು.

ಅಲ್ಲಿಂದ ಹತ್ತು ದಿನ. ನನಗೆ ಈ ಹತ್ತು ದಿನವೇ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸುತ್ತದೆ. ಕೆಟ್ಟ ರಿವಾಲ್ವರುಗಳು, ಹೆದರಿದ ಬಡಗೆ, ಮಗನನ್ನು ಕರೆಯಲು ಬಂದ ತಾಯಿ, ಇವರೆಲ್ಲ ಸೇರಿ ದೇಶಕ್ಕೆ ಕೊಟ್ಟ ಹತ್ತು ದಿನ. ಮದನಲಾಲ್ ಬಾಯಿಬಿಟ್ಟಿದ್ದ. ಜೊತೆಯವರ ಸುಳಿವು ಸಿಕ್ಕಿತ್ತು. ಪ್ರಾರ್ಥನೆಗೆ ಬರುವವರನ್ನು ತಪಾಸಣೆ ಮಾಡುತ್ತೇವೆಂದು ಪೊಲೀಸರು ಕೇಳಿದರೆ ಗಾಂಧೀಜಿ ಒಪ್ಪಲಿಲ್ಲ, ಅದು ಅವರ ಸ್ವಭಾವ. ಆದರೆ ಸುಳಿವು ಹಿಡಿದು ಬೆನ್ನಟ್ಟುವುದಕ್ಕೆ ಗಾಂಧೀಜಿಯ ಅಪ್ಪಣೆ ಬೇಕಿರಲಿಲ್ಲವಲ್ಲ! ಮುಂದೆ 1949ರ ಫೆಬ್ರವರಿ 10ರಂದು ತೀರ್ಪು ಕೊಡುವಾಗ ನ್ಯಾಯಾಧೀಶ ಆತ್ಮಚರಣರು, ಆ ಹತ್ತು ದಿನಗಳಲ್ಲಿ ಪೊಲೀಸರು ಸ್ವಲ್ಪ ಚುರುಕು ತೋರಿಸಿದ್ದರೂ ಬಹುಶಃ ಈ ದುರಂತ ತಪ್ಪುತ್ತಿತ್ತು ಎಂಬ ಅರ್ಥದ ಮಾತನ್ನು ಬರೆದರು.

ಇತ್ತ ಪೊಲೀಸರು ನಿಧಾನವಾಗಿದ್ದಾಗ ಅತ್ತ ನಾಥೂರಾಮ ಮತ್ತು ಆಪ್ಟೆ ನಿಧಾನಿಸಲಿಲ್ಲ. ಮುಂಬಯಿಯಲ್ಲಿ ಒಳ್ಳೆಯ ಪಿಸ್ತೂಲಿಗಾಗಿ ಕೇಳಿದರು, ಸಿಗಲಿಲ್ಲ. 27ರಂದು ವಿಮಾನದಲ್ಲಿ ದೆಹಲಿಗೆ ಬಂದು, ಅಲ್ಲಿಂದ ರೈಲು ಹತ್ತಿ ಗ್ವಾಲಿಯರ್‌ಗೆ ಹೋಗಿ, ರಾತ್ರಿ ಡಾಕ್ಟರ್ ಪರಚುರೆ ಎಂಬವನ ಮನೆ ತಲುಪಿದರು. ಮರುದಿನ ಅಲ್ಲಿ ಮೊದಲು ಕಂಡ ನಾಟಿ ಆಯುಧ ಅವರಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ದಂಡವತೆ ಎಂಬವನ ಮೂಲಕ ಬಂದದ್ದು ಇಟಲಿಯ ಬೆರೆಟ್ಟಾ ಪಿಸ್ತೂಲು, ಸಂಖ್ಯೆ 606824. ಅದನ್ನು ಒಪ್ಪಿದರು. (ಈ ಪರಚುರೆಗೆ ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾದರೂ ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಅದು ಬೇರೆ ವಿಷಯ.)

ಆ ಪಿಸ್ತೂಲಿನಲ್ಲಿ ಅಂಥದ್ದೇನಿತ್ತು? ಅದಕ್ಕೆ 1934ರ ಮಾದರಿ ಎಂದು ಹೆಸರು. ಗಾಂಧೀಜಿ ನಮ್ಮ ಕೊಟ್ಟೂರು ದಾರಿಯಲ್ಲಿ ಹೋದ ವರ್ಷವೇ ಅದರ ಹುಟ್ಟು, ಕಾಕತಾಳೀಯವಷ್ಟೆ. ಉದ್ದ ಆರು ಇಂಚು, ಅಂದರೆ ಗೇಣಿಗೂ ಕಡಿಮೆ. ಖಾಲಿ ಇದ್ದಾಗ ತೂಕ ಸುಮಾರು 660 ಗ್ರಾಂ. ಹಿಡಿಯೊಳಗೆ ಏಳು ಕಾಡತೂಸು ಹಿಡಿಯುತ್ತದೆ. ಇಟಲಿಯ ಸೈನ್ಯದ ಅಧಿಕಾರಿಗಳು ಇಟ್ಟುಕೊಳ್ಳುತ್ತಿದ್ದ ಆಯುಧ. ಬಲ್ಲವರು ಅದರ ಗುಣವಾಗಿ ಹೇಳುವುದು ಸರಳತೆಯನ್ನು. ಬಿಡಿ ಭಾಗಗಳು ಕಡಿಮೆ. ಗುಂಡು ಹಾರಿದ ರಭಸಕ್ಕೇ ಮೇಲಿನ ಕವಚ ಹಿಂದೆ ಸರಿದು ಖಾಲಿ ಕಾಡತೂಸನ್ನು ಎಸೆಯುತ್ತದೆ, ಸ್ಪ್ರಿಂಗು ಅದನ್ನು ಮುಂದೆ ತಳ್ಳಿದಾಗ ಹೊಸದೊಂದು ನಳಿಗೆಗೆ ಕೂರುತ್ತದೆ. ಕವಚದ ಮೇಲುಭಾಗ ತೆರೆದಿರುವುದರಿಂದ ಖಾಲಿಯದು ಸಿಕ್ಕಿಕೊಳ್ಳುವ ಸಂಭವ ಕಡಿಮೆ. ದೂರದ ಗುರಿಗೆ ಅದು ಅಷ್ಟೇನೂ ಹೆಸರುವಾಸಿಯಲ್ಲ. ಇವರಿಗೆ ದೂರ ಬೇಕಿರಲಿಲ್ಲ.

ಜನವರಿ 30, ಸಂಜೆ ಐದು ದಾಟಿತ್ತು. ಪಟೇಲರೊಂದಿಗೆ ಮಾತು ಬೆಳೆದು ಪ್ರಾರ್ಥನೆಗೆ ತಡವಾಗಿತ್ತು. ಮನು, ಆಭಾ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಗಾಂಧೀಜಿ ಬೇಗಬೇಗ ನಡೆದು ಬಂದರು. ಆ ಹುಡುಗಿಯರನ್ನು ಅವರು ತಮ್ಮ ಊರುಗೋಲುಗಳೆಂದು ಕರೆಯುತ್ತಿದ್ದರು. ನಮಸ್ಕಾರಕ್ಕೆ ಬಾಗುವವನಂತೆ ಬಂದ ನಾಥೂರಾಮನನ್ನು ಮನು ತಡೆದಳು, ತಡವಾಗಿದೆ ಬಿಡಿ ಎಂದಳು. ಅವನು ದೂಡಿದ. ಅವಳ ಕೈಯಲ್ಲಿದ್ದ ನೋಟ್‌ಬುಕ್ಕು, ಜಪಮಾಲೆ, ಪೀಕದಾನಿ ನೆಲಕ್ಕೆ ಬಿದ್ದವು. ಮೂರು ಗುಂಡು. ಮೂರೂ ಹಾರಿದವು.

ಗುಂಡಿನ ಕಥೆಗಿಂತ ಆ ಬಿದ್ದ ಸಾಮಾನುಗಳ ವಿಷಯ ಹೇಳುವಾಗಲೇ ತರಗತಿಯಲ್ಲಿ ಹುಡುಗಿಯರು ಸುಮ್ಮನಾಗುತ್ತಾರೆ. ಮುದುಕರ ಸೇವೆ ಮಾಡಿದ ಹುಡುಗಿಯರು ನಮ್ಮ ಊರುಗಳಲ್ಲಿ ಮನೆಗೊಬ್ಬರಿದ್ದಾರೆ. ಅವರಿಗೆ ಮನುವಿನ ಕೈ ಗೊತ್ತು.

ಇಷ್ಟೆಲ್ಲ ಓದಿಕೊಂಡಿದ್ದೇನೆಂಬ ಸುದ್ದಿ ಹೇಗೋ ಹಬ್ಬಿ, ಪಿಸ್ತೂಲಿನ ವಿಷಯದಲ್ಲಿ ನಾನು ಪಂಡಿತೆಯಾಗಿಬಿಟ್ಟೆ. ಕೊಟ್ಟೂರಿನಲ್ಲಿ ನನಗೆ ತಂಗಿಯಂತಿರುವ ಒಬ್ಬಳಿದ್ದಾಳೆ. ಗಂಡ ತೀರಿಹೋದ ಮೇಲೆ ದಲಾಲಿ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಾಳೆ. ಶೇಂಗಾ, ಮೆಕ್ಕೆಜೋಳದ ಸುಗ್ಗಿಯಲ್ಲಿ ಕೈಯಲ್ಲಿ ದುಡ್ಡು ಓಡಾಡುತ್ತದೆ, ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಎರಡು ಸಲ ಯಾರೋ ಬೈಕಿನಲ್ಲಿ ಮನೆತನಕ ಹಿಂಬಾಲಿಸಿದ್ದರು. ಒಂದು ಭಾನುವಾರ ಬಂದು, "ಅಕ್ಕಾ, ಸಣ್ಣದೊಂದು ಪಿಸ್ತೂಲು ತಗಂಬೇಕು ಅನ್ಕಂಡೀನಿ. ವ್ಯಾನಿಟಿ ಬ್ಯಾಗಿನಾಗ ಹಿಡಿಯೋವಂಥದ್ದು. ಯಾವುದು ಕೈ ಕೊಡಂಗಿಲ್ಲ, ನೀವ ಹೇಳ್ರಿ" ಎಂದಳು.

ನಗುವಂತಿರಲಿಲ್ಲ. ಅವಳ ಹೆದರಿಕೆ ನಿಜವಾದದ್ದು. ಸರ್ಕಾರವೂ ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ, ದೆಹಲಿಯ ಹುಡುಗಿಯ ಘಟನೆಯ ನಂತರ, 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ 'ನಿರ್ಭೀಕ್' ಎಂಬ ಹೆಂಗಸರ ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋ, ಆಗಿನ ಬೆಲೆ 1,22,360 ರೂಪಾಯಿ. ಯಾವ ಕೂಲಿಯ ಹೆಣ್ಣುಮಗಳು ಅಷ್ಟು ಕೊಟ್ಟು ನಿರ್ಭಯವಾಗಿರಬೇಕೋ ತಿಳಿಯದು.

ನಾನು ಓದಿದ್ದನ್ನು, ಬಂದೂಕಿನ ಅನುಭವವಿದ್ದ ನಿವೃತ್ತ ಸೈನಿಕರೊಬ್ಬರಿಂದ ಕೇಳಿದ್ದನ್ನು ಸೇರಿಸಿ ಅವಳಿಗೆ ಹೇಳಿದೆ. ಆಯುಧ ಸಣ್ಣದಾದಷ್ಟೂ ಅದರ ನಂಬಿಕೆ ಕಷ್ಟ. ಹಿಡಿಗೆ ಎರಡೇ ಬೆರಳು ಕೂರುತ್ತವೆ, ಏಟಿಗೆ ಕೈ ಹೆಚ್ಚು ಅದುರುತ್ತದೆ. ಪಿಸ್ತೂಲಿನಲ್ಲಿ ಮಣಿಕಟ್ಟು ಸಡಿಲ ಬಿಟ್ಟರೆ ಕವಚ ಪೂರ್ತಿ ಹಿಂದೆ ಸರಿಯದೆ ಖಾಲಿ ಕಾಡತೂಸು ಬಾಗಿಲಲ್ಲೇ ಸಿಕ್ಕಿಕೊಳ್ಳಬಹುದು. ಆಗ ಅದು ಬರೀ ಕಬ್ಬಿಣ. ಕವಚದ ಸ್ಪ್ರಿಂಗು ಎಷ್ಟು ಬಿಗಿ ಎಂಬುದನ್ನು ನಿನ್ನ ಕೈಯಿಂದಲೇ ಎಳೆದು ನೋಡಬೇಕು, ಅಂಗಡಿಯವನ ಕೈಯಿಂದಲ್ಲ. ರಿವಾಲ್ವರಿನಲ್ಲಿ ಒಂದು ಕಾಡತೂಸು ಹುಸಿ ಹೋದರೆ ಕುದುರೆಯನ್ನು ಮತ್ತೆ ಎಳೆದರಾಯಿತು, ಮುಂದಿನದು ಬರುತ್ತದೆ. ಆದರೆ ಆ ಕುದುರೆ ಬಿಗಿ, ಎಳೆಯುವಾಗ ಗುರಿ ಅಲುಗುತ್ತದೆ. ರಿವಾಲ್ವರ್ ಎಂದಮಾತ್ರಕ್ಕೆ ಕೈ ಕೊಡುವುದಿಲ್ಲ ಎಂದೇನಿಲ್ಲ, ಗೋಪಾಲನದು ಹೋಟೆಲಿನವರೆಗೆ ಹೋಗಿ ರಿಪೇರಿಯಾಗಬೇಕಾಯಿತಲ್ಲ. ಬ್ಯಾಗಿನ ಧೂಳು, ಪೌಡರು, ಕುಂಕುಮ ಎಲ್ಲ ಅದರೊಳಗೆ ಹೋಗುತ್ತವೆ. ಹಳೆಯ ಕಾಡತೂಸನ್ನು ನಂಬುವ ಹಾಗಿಲ್ಲ.

"ಹಂಗಾರ ಒಳ್ಳೇದು ಅಂತ ಗೊತ್ತಾಗೋದು ಹೆಂಗ?" ಎಂದಳು.

ಹೊಡೆದು ನೋಡಿದರೇ ಗೊತ್ತಾಗುವುದು. ಒಂದಲ್ಲ ಎರಡಲ್ಲ, ನೂರಾರು ಗುಂಡು, ಒಂದೂ ಸಿಕ್ಕಿಕೊಳ್ಳದೆ ಹಾರಿದರೆ ಆಮೇಲೆ ಅದನ್ನು ನೆಚ್ಚಬಹುದು ಎನ್ನುತ್ತಾರೆ ಬಲ್ಲವರು. ನಮ್ಮಲ್ಲಿ ಅದಕ್ಕೆ ಅವಕಾಶವೆಲ್ಲಿ? ಪರವಾನಗಿಯಲ್ಲಿ ಬರೆದಷ್ಟೇ ಕಾಡತೂಸು. ಆ ಪರವಾನಗಿಗೆ 21 ವರ್ಷ ತುಂಬಿರಬೇಕು, ಜಿಲ್ಲಾಧಿಕಾರಿಗೆ ಅರ್ಜಿ, ಪೊಲೀಸರ ವರದಿ, 2016ರ ನಿಯಮದಂತೆ ಆಯುಧ ಬಳಸುವ ತರಬೇತಿ. ಸೈನ್ಯ, ಪೊಲೀಸರ 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯರಿಗಿಲ್ಲ, ಸಿಗುವುದು ಪಾಯಿಂಟ್ ಮೂವತ್ತೆರಡು ಅಳತೆಯದು. ಚುನಾವಣೆ ಬಂತೆಂದರೆ ಠಾಣೆಯಲ್ಲಿ ಇಟ್ಟುಬರಬೇಕಾಗುತ್ತದೆ. ನಮ್ಮಲ್ಲಿ ಚುನಾವಣೆಗೆ ಬರವಿಲ್ಲ.

ಒಂದು ಮಾತನ್ನು ಬೇಡವೆಂದರೂ ಹೇಳಿದೆ. ದೆಹಲಿಯಲ್ಲಿ ಪಿಸ್ತೂಲು ಕೈ ಕೊಡಲಿಲ್ಲ ಎಂಬುದಕ್ಕೆ ಅರ್ಧ ಕಾರಣ ಮಾತ್ರ ಬೆರೆಟ್ಟಾ. ಉಳಿದರ್ಧ, ಸಮಯ ಹೊಡೆಯುವವನ ಕೈಯಲ್ಲಿತ್ತು. ಯಾವಾಗ, ಎಷ್ಟು ಹತ್ತಿರದಿಂದ, ಯಾವ ಕೈಯಿಂದ, ಎಲ್ಲ ಅವನೇ ನಿಶ್ಚಯಿಸಿಕೊಂಡು ಬಂದಿದ್ದ. ಎದುರಿಗಿದ್ದವರು ಕೈಮುಗಿದಿದ್ದರು. ನಿನಗೆ ಅಂಥ ಸಮಯ ಸಿಗುವುದಿಲ್ಲ ತಂಗಿ, ಸಮಯ ಬೈಕಿನವನ ಕೈಯಲ್ಲಿರುತ್ತದೆ, ನಿನ್ನ ಪಿಸ್ತೂಲು ಬ್ಯಾಗಿನ ಜಿಪ್ಪಿನ ಒಳಗಿರುತ್ತದೆ ಎಂದೆ. ಅವಳು ಸುಮ್ಮನೆ ಕೇಳಿಸಿಕೊಂಡಳು, ಒಪ್ಪಿದಳು ಎಂದು ನಾನು ಹೇಳಲಾರೆ. "ನೀವು ಕತ್ತಲಾಗ ಒಬ್ಬರ ಬಂದು ನೋಡ್ರಿ ಅಕ್ಕಾ" ಎಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಮುಂದಿನ ವಾರ ಅವಳ ಮನೆಗೇ ಹೋದೆ. ಅರ್ಜಿಯ ನಮೂನೆ ತರಿಸಿದ್ದಳು. ಅವಳ ಇಬ್ಬರು ಮಕ್ಕಳು, ಆರನೆಯ ತರಗತಿಯದೊಂದು, ಎರಡನೆಯದೊಂದು, ಅಡುಗೆಮನೆಯಲ್ಲಿ ಮಂಡಕ್ಕಿ ಡಬ್ಬಿಗೆ ಜಗಳವಾಡುತ್ತಿದ್ದವು. ತಂದರೆ ಎಲ್ಲಿಡುತ್ತೀ ಎಂದು ಕೇಳಿದೆ. ಮಕ್ಕಳಿಗೆ ಸಿಗಬಾರದು, ಅವಳಿಗೆ ತಕ್ಷಣ ಸಿಗಬೇಕು. ಇಬ್ಬರೂ ಎದ್ದು ಮನೆಯೆಲ್ಲ ಸುತ್ತಿದೆವು. ಬೀರುವಿನ ಬೀಗದ ಕೈ ಎಲ್ಲಿರುತ್ತದೆಂದು ದೊಡ್ಡವನಿಗೆ ಗೊತ್ತು. ಅಟ್ಟಕ್ಕೆ ಸ್ಟೂಲು ಬೇಕು. ದೇವರ ಜಗುಲಿಯ ಹಿಂದೆ ಬೇಡ ಎಂದು ಅವಳೇ ಅಂದಳು. ಅಕ್ಕಿಯ ಡ್ರಮ್ಮಿನಲ್ಲಿ ಇಟ್ಟರೆ ನುಸಿಯ ಜೊತೆ ಅದೂ ಕೆಡುತ್ತದೆ ಎಂದು ನಾನಂದೆ, ಇಬ್ಬರಿಗೂ ನಗು ಬಂತು. ಅರ್ಜಿ ಈಗಲೂ ಅವಳ ಅಂಗಡಿಯ ಲೆಕ್ಕದ ಪುಸ್ತಕದೊಳಗೆ ಮಡಿಸಿಟ್ಟ ಹಾಗೆಯೇ ಇದೆ. ಸುಗ್ಗಿಯ ದಿನಗಳಲ್ಲಿ ಆರು ಗಂಟೆಗೆ ಅಂಗಡಿ ಮುಚ್ಚಿ, ಹಮಾಲಿಯ ಮುದುಕ ಒಬ್ಬನನ್ನು ಜೊತೆಗೆ ಕರೆದುಕೊಂಡು ಬರುತ್ತಾಳೆ. ಅವನು ದಾರಿಯುದ್ದಕ್ಕೂ ಕೆಮ್ಮುತ್ತಾನೆ ಎಂದು ಅವಳ ದೂರು.