ಅಂಗಸಾಧನೆಯೂ ವಿದ್ಯುಚ್ಛಕ್ತಿಯೂ

ಗೊರಗುಂಟೆಪಾಳ್ಯದ ನಮ್ಮ ಬೀದಿಯ ಮನೆಗಳಿಗೆ ಈಚೆಗೆ ಬೆಳಗಿನ ಪತ್ರಿಕೆಯ ಮಡಿಕೆಯಲ್ಲಿ ಒಂದು ಕರಪತ್ರ ಬಂದಿತು. ಒದ್ದೆ ಮಾಡಿದ ಅಂಗಿಯೊಂದನ್ನು ತೊಟ್ಟು, ಅದರೊಳಗಿನ ತಂತಿಗಳಲ್ಲಿ ವಿದ್ಯುತ್ತು ಹಾಯಿಸಿಕೊಂಡು ಇಪ್ಪತ್ತು ನಿಮಿಷ ಕೈಕಾಲು ಆಡಿಸಿದರೆ, ಗಂಟೆಗಟ್ಟಲೆ ಭಾರ ಎತ್ತಿದ ಫಲ ಸಿಕ್ಕುವುದೆಂದು ಅದರ ಒಕ್ಕಣೆ. ಮಾರನೆಯ ದಿನ ನನ್ನ ವಿದ್ಯಾರ್ಥಿಯೊಬ್ಬ ಅದನ್ನು ಹಿಡಿದುಕೊಂಡು ಬಂದ. ಹಗಲು ಕಾಲೇಜು, ರಾತ್ರಿ ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಹುಡುಗ. "ಸಾರ್, ಇದರಿಂದ ತೋಳು ದಪ್ಪವಾಗುವುದು ನಿಜವೆ? ಎರಡು ತಿಂಗಳ ಸಂಬಳ ಕೇಳುತ್ತಾರೆ" ಎಂದ.

ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆಯಲ್ಲವೆಂದು ವಾಚಕರಿಗೆ ಅನ್ನಿಸಬಹುದು. ಆದರೆ 'ಶಾಂತಲಾ' ಕಾದಂಬರಿಯನ್ನು ಪಾಠ ಹೇಳುವವನು ಅಂಗಸಾಧನೆಯ ಮಾತನ್ನು ತಪ್ಪಿಸಿಕೊಳ್ಳಲಾರ. ಹೊಯ್ಸಳರ ರಾಣಿಯ ಕಥೆಯನ್ನು ಅಷ್ಟು ಮೃದುವಾಗಿ ಬರೆದ ಕೆ.ವಿ. ಅಯ್ಯರ್ ಅವರೇ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಯಜಮಾನರು. ಈ ದೇಶದಲ್ಲಿ ಮೈಕಟ್ಟನ್ನು ಶಾಸ್ತ್ರವಾಗಿ ಕಲಿಸಿದ ಮೊದಲಿಗರಲ್ಲೊಬ್ಬರು. ಪ್ರಶ್ನೆ ಅವರ ಮನೆಯದು.

ಕಥೆ ಅವರಿಗಿಂತ ಹಿಂದಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವುಂಟು. ಜಟ್ಟಿಗಳ ಸಾಧನೆಯನ್ನು ವಿಂಗಡಿಸುವಾಗ ಅವನು ಭಾರಶ್ರಮವೆಂಬ ಒಂದು ಬಗೆಯನ್ನೇ ಹೇಳುತ್ತಾನೆ. ಈಜುವುದಕ್ಕೆ ಸಲಿಲಶ್ರಮ, ಕಂಬದ ಮೇಲಣ ಸಾಧನೆಗೆ ಸ್ತಂಭಶ್ರಮ. ಎಲ್ಲವೂ ಶ್ರಮವೇ! ನಮ್ಮ ಗರಡಿಮನೆಗಳ ಕಲ್ಲುಗುಂಡು, ಗದೆ, ದಂಡ, ಬಸ್ಕಿಗಳೂ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲೂ ಈ ವಂಶದವೇ.

ವಿದ್ಯುಚ್ಛಕ್ತಿ ನಮ್ಮಲ್ಲಿಗೆ ಬಂದದ್ದು ಬೇರೆ ದಾರಿಯಿಂದ. ಶಿವನಸಮುದ್ರದಲ್ಲಿ ಉತ್ಪಾದಿಸಿದ ಶಕ್ತಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಆ ಸುಮಾರಿನಲ್ಲಿಯೇ, 1904-05ರಲ್ಲಿ, ಯೂಜಿನ್ ಸ್ಯಾಂಡೋ ಎಂಬ ಜರ್ಮನಿಯ ಬಲಶಾಲಿ ಭಾರತದಲ್ಲಿ ಪ್ರದರ್ಶನ ಕೊಡುತ್ತ ಸಂಚರಿಸಿದ. ಅವನು ಹೋದರೂ ಹೆಸರು ಉಳಿಯಿತು. ಇಂದಿಗೂ ತೋಳಿಲ್ಲದ ಬನಿಯನ್ನಿಗೆ ನಾವು ಸ್ಯಾಂಡೋ ಬನಿಯನ್ ಎನ್ನುತ್ತೇವೆ.

ಚಿನ್ನದ ಗಣಿಯ ಅದೇ ಕೋಲಾರದ ಸೀಮೆಯವರು ಕೋಲಾರ ವೆಂಕಟೇಶ ಅಯ್ಯರ್. ಪಶ್ಚಿಮದ ಕಬ್ಬಿಣದ ಗುಂಡನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಒಂದೇ ಸಾಧನೆಯಲ್ಲಿ ಹೊಂದಿಸಿದ್ದು ಅವರ ವಿಶೇಷ. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಹೊರಡಿಸಿದರು. ಗ್ರೀಕ್ ಶಿಲ್ಪದಂತಹ ತಮ್ಮ ದೇಹದ ಛಾಯಾಚಿತ್ರಗಳನ್ನು ಪ್ರಕಟಿಸಿದರು; ಅಂಚೆಯ ಮೂಲಕ ಪಾಠ ಮಾರಿದರು. ಹೌದು, ಮಾರಿದರು. ಜಾಹೀರಾತಿನ ಕಲೆ ಅವರಿಗೂ ತಿಳಿದಿತ್ತು. ಆ ವಿಷಯದಲ್ಲಿ ಈಗಿನ ಕರಪತ್ರದವರನ್ನು ಮಾತ್ರ ಬೈಯುವುದು ನ್ಯಾಯವಲ್ಲ. ವ್ಯತ್ಯಾಸವೇನೆಂದರೆ, ಅಂಚೆಯಲ್ಲಿ ಬಂದ ಅಯ್ಯರ್ ಅವರ ಪಾಠವನ್ನು ಕೊಂಡವನು ಬೆಳಗ್ಗೆ ಎದ್ದು ತಾನೇ ಬೆವರಬೇಕಾಗಿತ್ತು. ಅವರ ಆಪ್ತ ಗೆಳೆಯ ಟಿ.ಪಿ. ಕೈಲಾಸಂ ಅವರಂತಹ ನಾಟಕಕಾರರೂ ಸುಳಿದಾಡಿದ ಆ ವ್ಯಾಯಾಮಶಾಲೆಯಲ್ಲಿ ಎಷ್ಟು ಸಾಹಿತ್ಯ ನಡೆಯಿತೊ, ಎಷ್ಟು ಭಾರ ಏರಿತೊ!

ಮಾಂಸಖಂಡಕ್ಕೂ ವಿದ್ಯುತ್ತಿಗೂ ನಂಟು ಬೆಳೆದದ್ದು ಗರಡಿಯಲ್ಲಲ್ಲ, ಪ್ರಯೋಗಶಾಲೆಯಲ್ಲಿ. ಇಟಲಿಯ ಬೊಲೊನ್ಯದ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಕುಪ್ಪಳಿಸಿದ್ದನ್ನು 1791ರಲ್ಲಿ ಪ್ರಕಟಿಸಿದ. ಫ್ರಾನ್ಸಿನ ವೈದ್ಯ ಡುಷೆನ್ 1855ರಲ್ಲಿ, ಚರ್ಮದ ಮೇಲೆ ಬೇಕಾದ ಜಾಗಕ್ಕೆ ವಿದ್ಯುತ್ತು ಮುಟ್ಟಿಸಿ ಒಂದೊಂದೇ ಮಾಂಸಖಂಡವನ್ನು ಕುಗ್ಗಿಸುವ ವಿಧಾನವನ್ನು ವಿವರಿಸಿ ಗ್ರಂಥ ಬರೆದ. ಅವನಿಗೆ ಬೇಕಾಗಿದ್ದುದು ಪಾರ್ಶ್ವವಾಯು ಮೊದಲಾದ ರೋಗಗಳ ಪರೀಕ್ಷೆ, ಚಿಕಿತ್ಸೆ.

ಇಲ್ಲೊಂದು ಸ್ವಾರಸ್ಯವಿದೆ. 1945ರಲ್ಲಿ ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲಾರ್ಮ್, ಗಾಯಾಳು ಸೈನಿಕರಿಗೆ ದಿನೇ ದಿನೇ ಹೆಚ್ಚುವ ಭಾರದ ವ್ಯಾಯಾಮ ಮಾಡಿಸಿದ ಫಲವನ್ನು ಪ್ರಕಟಿಸಿದ. ಗರಡಿಯ ಗುಂಡು ಆಸ್ಪತ್ರೆಗೆ ಹೋಯಿತು. ಮುಂದೆ ಆಸ್ಪತ್ರೆಯ ವಿದ್ಯುತ್ತು ಗರಡಿಗೆ ಬಂದಿತು. ರಷ್ಯದ ವಿಜ್ಞಾನಿ ಯಾಕೋವ್ ಕೋಟ್ಸ್ 1977ರಲ್ಲಿ ಕೆನಡದ ಮಾಂಟ್ರಿಯಲ್ಲಿಗೆ ಬಂದು, ಹತ್ತು ಸೆಕೆಂಡು ವಿದ್ಯುತ್ತು, ಐವತ್ತು ಸೆಕೆಂಡು ವಿರಾಮ, ಹೀಗೆ ಹತ್ತು ಸಾರಿ ಮಾಡಿ ಕ್ರೀಡಾಪಟುಗಳ ಬಲವನ್ನು ಶೇಕಡ 40ರವರೆಗೆ ಹೆಚ್ಚಿಸಿದ್ದಾಗಿ ಹೇಳಿದ. ಪಶ್ಚಿಮದವರು ಬೆರಗಾಗಿ ತಾವೂ ಮಾಡಿ ನೋಡಿದರು. ಬಲ ಹೆಚ್ಚಿದ್ದುಂಟು, ಆದರೆ ಆರೋಗ್ಯವಂತರಲ್ಲಿ ಮಾಮೂಲು ವ್ಯಾಯಾಮವನ್ನು ಮೀರಿಸುವಷ್ಟು ಹೆಚ್ಚಿದ್ದು ಸಾಮಾನ್ಯವಾಗಿ ಕಾಣಲಿಲ್ಲ.

ಕಾರಣ ಕಷ್ಟದ್ದಲ್ಲ. ನಾವೇ ಮನಸ್ಸು ಮಾಡಿ ಭಾರ ಎತ್ತುವಾಗ ಮಿದುಳು ಮೊದಲು ಸಣ್ಣ ತಂತುಗಳ ಗುಂಪುಗಳನ್ನೂ, ಭಾರ ಹೆಚ್ಚಿದಂತೆ ದೊಡ್ಡವನ್ನೂ ಸರದಿಯಂತೆ ಕೆಲಸಕ್ಕೆ ಕರೆಯುತ್ತದೆ. ಹೊರಗಿನ ವಿದ್ಯುತ್ತಿಗೆ ಈ ಸರದಿ ತಿಳಿಯದು. ಪಟ್ಟಿಯ ಸಮೀಪದ ನರಗಳನ್ನು ಅದು ಒಟ್ಟಿಗೇ ಕೆಣಕುತ್ತದೆ, ಮತ್ತೆ ಮತ್ತೆ ಅವನ್ನೇ ಕೆಣಕುತ್ತದೆ. ಅವು ಬೇಗ ದಣಿಯುತ್ತವೆ. ಹೆಚ್ಚು ಹಾಯಿಸಹೋದರೆ ನೋವು ತಡೆಯುವುದಿಲ್ಲ. ಮಾಂಸಖಂಡ ದಪ್ಪವಾಗಬೇಕಾದರೆ ಅದರ ಮೇಲೆ ಬಲವಾದ ಎಳೆತ ಬೀಳಬೇಕು, ಆ ಎಳೆತ ಕ್ರಮವಾಗಿ ಏರಬೇಕು, ಆಮೇಲೆ ಅನ್ನ, ಬೇಳೆ, ಹಾಲು, ನಿದ್ದೆ ಬೇಕು. ಮೊದಲ ವಾರಗಳಲ್ಲಿ ಏರುವ ಬಲವಂತೂ ಬಹುಮಟ್ಟಿಗೆ ನರಗಳು ಕಲಿತದ್ದರ ಫಲ. ತೋಳಿನ ಸುತ್ತಳತೆ ಏರುವುದು ನಿಧಾನ.

ಮೋಸವೂ ನಡೆದಿದೆ. ಸೊಂಟಕ್ಕೆ ವಿದ್ಯುತ್ ಪಟ್ಟಿ ಕಟ್ಟಿಕೊಂಡರೆ ವ್ಯಾಯಾಮವಿಲ್ಲದೆ ಹೊಟ್ಟೆ ಕರಗುವುದೆಂದು ದೂರದರ್ಶನದಲ್ಲಿ ಸಾರಿದ ಮೂರು ಪಟ್ಟಿಗಳ ಮಾರಾಟಗಾರರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ದಾವೆ ಹೂಡಿತು. ಹುಡುಗನಿಗೆ ಇದನ್ನೂ ಹೇಳಿದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರೂ ಗರ್ಭಿಣಿಯರೂ ಇದರ ಹತ್ತಿರ ಸುಳಿಯಬಾರದು. ಮೊದಲ ದಿನವೇ ವಿಪರೀತಕ್ಕೆ ಹೋದವರಲ್ಲಿ ಮಾಂಸಖಂಡ ಒಡೆದು ಮೂತ್ರಪಿಂಡಕ್ಕೆ ಅಪಾಯ ತಂದ ಪ್ರಸಂಗಗಳನ್ನು ವೈದ್ಯರು ವರದಿ ಮಾಡಿದ್ದಾರೆ. ರಾತ್ರಿ ಪಾಳಿಯವನಿಗೆ ಎರಡು ತಿಂಗಳ ಸಂಬಳಕ್ಕಿಂತ ಎರಡು ಗಂಟೆಯ ಹೆಚ್ಚಿನ ನಿದ್ದೆ, ಒಂದು ಜೊತೆ ಡಂಬೆಲ್ಸ್, ದಿನಕ್ಕಿಷ್ಟು ದಂಡ ಬಸ್ಕಿ ಹೆಚ್ಚು ಲಾಭವೆಂದು ನನ್ನ ಮತ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಇಪ್ಪತ್ತೊಂದರ ವಯಸ್ಸು.

ವಿದ್ಯುತ್ತು ನಿರುಪಯೋಗಿಯೆಂದು ಮಾತ್ರ ಯಾರೂ ತಿಳಿಯಬಾರದು. ಹಾಸಿಗೆ ಹಿಡಿದವರ, ಪೆಟ್ಟಿನಿಂದ ಕಾಲು ಆಡಿಸಲಾರದವರ ಮಾಂಸಖಂಡ ದಿನದಿನಕ್ಕೆ ಸೊರಗುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. ನಮ್ಮ ಭಾವನವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ತೊಡೆಯನ್ನು ಬಿಗಿ ಮಾಡೆಂದರೆ ಆಗುತ್ತಲೇ ಇರಲಿಲ್ಲ. ಆ ಕಾಲು ತನ್ನದಲ್ಲವೆಂಬಂತೆ ನೋಡುತ್ತಿದ್ದರು. ಫಿಸಿಯೋಥೆರಪಿಯ ಹುಡುಗಿ ತೊಡೆಗೆ ಎರಡು ಪಟ್ಟಿ ಅಂಟಿಸಿ ಯಂತ್ರದ ಗುಂಡಿ ತಿರುಗಿಸಿದಳು. ತೊಡೆ ತಾನಾಗಿ ಬಿಗಿಯಿತು. ಭಾವನವರು ಮೆಚ್ಚಿ ದಿಂಬಿಗೆ ಒರಗಿದರು. "ಯಜಮಾನರೆ, ಮಲಗಬೇಡಿ. ಅದು ಬಿಗಿಯುವಾಗ ನೀವೂ ಜೊತೆಗೆ ಬಿಗಿಯಿರಿ, ಎಣಿಸಿ" ಎಂದಳು ಆಕೆ. ಎಪ್ಪತ್ತರ ಭಾವನವರು ಮಗ್ಗಿ ಒಪ್ಪಿಸುವ ಹುಡುಗನಂತೆ ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸತೊಡಗಿದರು.