ಗಾಡಿ ಬಿಚ್ಚುವ ಜಾಗ

ದಕ್ಷಿಣ ಆಫ್ರಿಕದಲ್ಲಿ 'ಔಟ್‌ಸ್ಪ್ಯಾನ್' ಎಂಬ ಮಾತೊಂದುಂಟು. ಡಚ್ ಮೂಲದ ವಲಸೆಗಾರರ ಭಾಷೆಯಿಂದ ಬಂದ ಈ ಪದಕ್ಕೆ ಎತ್ತುಗಳ ಹೆಗಲಿನಿಂದ ನೊಗ ಇಳಿಸುವುದು ಎಂದರ್ಥ. ನಮ್ಮ ಮೈಸೂರು ಸೀಮೆಯವರು 'ಗಾಡಿ ಬಿಚ್ಚುವುದು' ಎನ್ನುತ್ತಾರಲ್ಲ, ಅದೇ. ಹಿಂದೆ ಅಲ್ಲಿ ದಾರಿಯ ಪಕ್ಕದ ಕೆಲವು ಜಮೀನುಗಳಲ್ಲಿ ದಾರಿಹೋಕರು ಗಾಡಿ ಬಿಚ್ಚಿ, ಎತ್ತುಗಳಿಗೆ ನೀರು ಮೇವು ಒದಗಿಸಿಕೊಳ್ಳುವ ಹಕ್ಕನ್ನು ಕಾನೂನೇ ಮಾನ್ಯ ಮಾಡಿತ್ತು. ಇಂದು ನಮೀಬಿಯ, ಬೋಟ್ಸ್‌ವಾನಗಳಲ್ಲಿ ಜೀಪಿನ ನೆತ್ತಿಯ ಮೇಲೆ ಡೇರೆ ಬಿಚ್ಚಿ, ಸಂಜೆ ಕೆಂಡದ ಮೇಲೆ ಮಾಂಸ ಸುಡುವ ಪ್ರವಾಸಿಗರ ಶಿಬಿರ ಸಂಸ್ಕೃತಿಯ ಬೇರು ಬಹುಮಟ್ಟಿಗೆ ಆ ಎತ್ತಿನ ಗಾಡಿಗಳಲ್ಲಿದೆ.

ಹಾಗಾದರೆ ನಮ್ಮ ಗಾಡಿಗಳು ಎಲ್ಲಿ ಬಿಚ್ಚುತ್ತಿದ್ದವು?

ಅರಸರ ಡೇರೆಗಳ ಕಥೆ ಸುಲಭವಾಗಿ ಸಿಗುತ್ತದೆ. ಟಿಪ್ಪು ಸುಲ್ತಾನನದೆಂದು ಹೆಸರಾದ, ಬಿಳಿಯ ಹತ್ತಿಬಟ್ಟೆಯ ಮೇಲೆ ಹೂಬಳ್ಳಿ ಅಚ್ಚೊತ್ತಿದ ಗುಡಾರವೊಂದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕ್ಲೈವ್ ಮನೆತನದ ಕೈಸೇರಿತು. ಅದು ಈಗ ಬ್ರಿಟನ್ನಿನ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ದಂಡಿನ ಬಿಡಾರಕ್ಕೆ ಹೊಲಿದದ್ದು ಅಲ್ಲಿನ ತೋಟದ ಔತಣಗಳಿಗೆ ನೆರಳಾಯಿತು! ಮರುವರ್ಷ, 1800ರ ಏಪ್ರಿಲಿನಲ್ಲಿ, ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. 1807ರಲ್ಲಿ ಪ್ರಕಟವಾದ ಅವನ ಮೂರು ಸಂಪುಟಗಳು ದಿನಕ್ಕೆ ಇಷ್ಟು ಹರದಾರಿ, ಇಂಥ ಊರಿನಲ್ಲಿ ತಂಗಿದೆ ಎಂಬ ಲೆಕ್ಕದಲ್ಲೇ ಸಾಗುತ್ತವೆ. ಬಳಿಕ ಅಮಲ್ದಾರರು, ಸಾಹೇಬರು ಜಮಾಬಂದಿಗೆಂದು ಮೊಕ್ಕಾಂ ಹೂಡುವ ಕಾಲ ಬಂತು. ಸಾಹೇಬರ ಡೇರೆ ಎದ್ದ ಊರಿನವರಿಗೆ ಹಾಲು, ಹುಲ್ಲು, ಸೌದೆ ಒದಗಿಸುವ ಬಿಟ್ಟಿ ಚಾಕರಿ ತಪ್ಪುತ್ತಿರಲಿಲ್ಲ. ಕಾಕನಕೋಟೆಯ ಖೆಡ್ಡಾ ಕಾಲದಲ್ಲಂತೂ ಕಾಡಿನ ನಡುವೆ ಡೇರೆಗಳದೇ ಒಂದು ಊರು ಏಳುತ್ತಿತ್ತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆ ಕಾಡಿನ ಒಂದು ಭಾಗವನ್ನು ಆಮೇಲೆ ಕಬಿನಿಯ ಹಿನ್ನೀರು ನುಂಗಿತು.

ಆದರೆ ಇವೆಲ್ಲ ದೊಡ್ಡವರ ಬಿಡಾರಗಳು. ಸಾಮಾನ್ಯರಿಗೆ ಡೇರೆಯೇ ಇರಲಿಲ್ಲ, ಅವರಿಗೆ ಅದು ಬೇಕೂ ಇರಲಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಗೋ ಮೇಲುಕೋಟೆಯ ವೈರಮುಡಿಗೋ ಹೊರಟ ಕಮಾನುಗಾಡಿಯೇ ಮನೆ. ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ. ಅಚ್ಚಿನ ಕೆಳಗೆ ತೂಗುವ ಲಾಟೀನು. ಗಾಡಿ ಬಿಚ್ಚಿದೊಡನೆ ಗಂಡಸರು ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗುವರು. ಹೆಂಗಸರು ಮೂರು ಕಲ್ಲು ಹೂಡಿ ಒಲೆ ಹಚ್ಚುವರು. ಹೀಗೆ ಪಯಣ ಮಾಡಿದ ನಮ್ಮ ಮನೆಯ ಹಿರಿಯರಿಗೆ ದೇವರ ದರ್ಶನಕ್ಕಿಂತ ದಾರಿಯ ಅಡುಗೆಯ ನೆನಪೇ ಹೆಚ್ಚು ಇತ್ತೆಂದರೆ ಅದು ಅಪಚಾರವಾಗಲಾರದು.

ಇದಕ್ಕೆಲ್ಲ ಆಸರೆಯಾಗಿದ್ದದ್ದು ಗುಂಡುತೋಪು. ಊರ ಹೊರಗೆ, ದಾರಿಯ ಅಂಚಿನಲ್ಲಿ, ಕೆರೆಗೋ ಬಾವಿಗೋ ಹತ್ತಿರವಾಗಿ ಮಾವು, ಹಲಸು, ಹೊಂಗೆ, ಹುಣಸೆ ನೆಟ್ಟು ಬೆಳೆಸಿದ ಸಾರ್ವಜನಿಕ ತೋಪು ಅದು. ಛತ್ರ, ಅರವಟ್ಟಿಗೆಗಳನ್ನು ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯಿತು; ತೋಪಿಗೆ ಗಿಡ ನೆಟ್ಟವರ ಹೆಸರು ಹೆಚ್ಚಾಗಿ ಉಳಿಯಲಿಲ್ಲ. ತೋಪಿನ ನೆರಳಿಗೆ ಬಾಡಿಗೆಯಿಲ್ಲ, ಅಪ್ಪಣೆಯೂ ಬೇಕಿಲ್ಲ. ಎಲ್ಲರಿಗೂ ಸಮಾನವೆಂದು ಹೇಳಿಬಿಟ್ಟರೆ ಮಾತ್ರ ಸುಳ್ಳಾದೀತು. ಛತ್ರದ ಪಂಕ್ತಿಯಲ್ಲಿದ್ದ ಜಾತಿ, ತೋಪಿನ ಪಕ್ಕದ ಬಾವಿಯ ಕಟ್ಟೆಯ ಮೇಲೂ ಕೂತಿರುತ್ತಿತ್ತು. ದಕ್ಷಿಣ ಆಫ್ರಿಕದಲ್ಲಿಯೂ 1953ರ ಕಾಯಿದೆಯೊಂದು ಸಾರ್ವಜನಿಕ ಸ್ಥಳಗಳನ್ನು ಬಣ್ಣದ ಮೇಲೆ ಬೇರ್ಪಡಿಸಿತ್ತು; ಅದು ರದ್ದಾದದ್ದು 1990ರಲ್ಲಿ.

ರೈಲು ಬಂತು, ಬಸ್ಸು ಬಂತು. ಮೂರು ದಿನದ ದಾರಿ ಮೂರು ಗಂಟೆಗಿಳಿಯಿತು. ಗಾಡಿ ನಿಂತ ಮೇಲೆ ಅದನ್ನು ಬಿಚ್ಚುವ ಜಾಗವೇಕೆ? ಕಂದಾಯದ ಕಡತಗಳಲ್ಲಿ ಗುಂಡುತೋಪು ಎಂದೇ ನಮೂದಾದ ನೆಲದಲ್ಲಿ ಎಷ್ಟೋ ಕಡೆ ಮರವೇ ಇಲ್ಲ, ಕಟ್ಟಡಗಳೆದ್ದಿವೆ, ಒತ್ತುವರಿಯ ವ್ಯಾಜ್ಯಗಳು ನಡೆದಿವೆ. ಅರಮನೆಯ ಡೇರೆಗೆ ವಸ್ತುಸಂಗ್ರಹಾಲಯ ಸಿಕ್ಕಿತು. ತೋಪಿಗೆ ಸರ್ವೆ ನಂಬರು ಮಾತ್ರ.

ಹಳೆಯ ಬಿಡಾರದ ಬದುಕು ಪೂರ್ತಿ ಅಳಿದಿಲ್ಲ. ಚುಂಚನಕಟ್ಟೆ, ಮುಡುಕುತೊರೆಯ ದನಗಳ ಜಾತ್ರೆಗಳಲ್ಲಿ ರೈತರು ಜೋಡೆತ್ತುಗಳಿಗೆ ಚಪ್ಪರ ಹಾಕಿ, ಅವುಗಳ ಪಕ್ಕದಲ್ಲೇ ಮಲಗುತ್ತಾರೆ. ನಮ್ಮ ಮೈಸೂರಿನ ಮಧ್ಯದಲ್ಲಿಯೂ ವರ್ಷಕ್ಕೊಮ್ಮೆ ಅಂಥದೊಂದು ಬಿಡಾರ ಏಳುತ್ತದೆ. ದಸರಾ ಆನೆಗಳ ಜೊತೆ ಬರುವ ಮಾವುತರು, ಕಾವಾಡಿಗಳು ಹೆಂಡತಿ ಮಕ್ಕಳೊಂದಿಗೆ ಅರಮನೆಯ ಆವರಣದಲ್ಲೇ ವಾರಗಟ್ಟಲೆ ತಂಗುತ್ತಾರೆ. ಹಿಂದೆ ಆನೆಗಳು ಕಾಡಿನಿಂದ ನಡೆದೇ ಬರುತ್ತಿದ್ದವು. ಈಗ ಲಾರಿಯಲ್ಲಿ ಬರುತ್ತವೆ. ಮಕ್ಕಳ ಪಾಠ ತಪ್ಪಬಾರದೆಂದು ಅಲ್ಲೊಂದು ಟೆಂಟ್ ಶಾಲೆಯೂ ನಡೆಯುತ್ತದೆ. ಜಂಬೂಸವಾರಿ ಮುಗಿದ ಒಂದೆರಡು ದಿನಕ್ಕೆ ಪಾತ್ರೆಪಗಡೆ, ಹಾಸಿಗೆಗಳೆಲ್ಲ ಲಾರಿ ಏರುತ್ತವೆ. ಜಾಗ ಗುಡಿಸಿದ ಮೇಲೂ ಒಲೆಯ ಮಸಿ ಸ್ವಲ್ಪ ಕಾಲ ಉಳಿದಿರುತ್ತದೆ.